ನೆಟ್ ನ್ಯೂಟ್ರಾಲಿಟಿ: ಉಚಿತ ಡೇಟಾ ಏಕೆ ತಾರತಮ್ಯವಾಯಿತು?

ಸುದ್ದಿ ತಾಣವಿರಲಿ, ವಿಡಿಯೊ ಇರಲಿ, ಇಮೇಲ್ ಇರಲಿ, ಅಂತರ್ಜಾಲದಲ್ಲಿ ಎಲ್ಲವೂ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿಯೇ ಸಾಗುತ್ತವೆ. ಅವು ಯಾರವು, ಅವುಗಳಲ್ಲಿ ಏನಿದೆ ಎಂದು ನೋಡಿ ಸೇವಾ ಕಂಪನಿಯು ಒಂದನ್ನು ತಡೆಯುವುದು, ಇನ್ನೊಂದನ್ನು ನಿಧಾನಗೊಳಿಸುವುದು, ಹಣ ಕೊಟ್ಟವರದನ್ನು ಮುಂದೆ ಬಿಡುವುದು ಕೂಡದು ಎಂಬುದೇ ನೆಟ್ ನ್ಯೂಟ್ರಾಲಿಟಿ. ಈ ಹೆಸರನ್ನು 2003ರಲ್ಲಿ ಬಳಕೆಗೆ ತಂದವರು ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವು.

ಅಮೆರಿಕದಲ್ಲಿ ವಿವಾದ ಎದ್ದದ್ದು ಹೆಚ್ಚಾಗಿ ತಡೆ ಮತ್ತು ವೇಗದ ವಿಷಯದಲ್ಲಿ. 2007ರಲ್ಲಿ ಕಾಮ್‌ಕಾಸ್ಟ್ ಕಂಪನಿ ಬಿಟ್‌ಟೊರೆಂಟ್ ಫೈಲ್ ವಿನಿಮಯಕ್ಕೆ ಅಡ್ಡಿಪಡಿಸುತ್ತಿದ್ದುದು ಬಯಲಾಯಿತು. ಭಾರತದಲ್ಲಿ ಜಗಳವಾದದ್ದು ದರದ ಮೇಲೆ. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಇಂಟರ್‌ನೆಟ್ ಕರೆಗಳಿಗೆ ಪ್ರತ್ಯೇಕ ದರ ಘೋಷಿಸಿ, ವಿರೋಧ ಬಂದಾಗ ಕೈಬಿಟ್ಟಿತು. 2015ರಲ್ಲಿ ಅದೇ ಕಂಪನಿಯ ‘ಏರ್‌ಟೆಲ್ ಜೀರೊ’ ಬಂತು: ಡೇಟಾದ ಖರ್ಚು ಆ್ಯಪ್ ಕಂಪನಿಯದು, ಗ್ರಾಹಕನಿಗೆ ಉಚಿತ. ಇದರಲ್ಲಿ ಸೇರಲು ಮಾತುಕತೆ ನಡೆಸಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್, ಟೀಕೆಗಳ ನಂತರ ಹಿಂದೆ ಸರಿಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ಗೆ ಆ ವರ್ಷ ನೆಟ್ ನ್ಯೂಟ್ರಾಲಿಟಿಯ ಪರವಾಗಿ ಹತ್ತು ಲಕ್ಷದಷ್ಟು ಇಮೇಲ್‌ಗಳು ಹರಿದುಬಂದವು.

ಫೇಸ್‌ಬುಕ್‌ನ ‘ಫ್ರೀ ಬೇಸಿಕ್ಸ್’ ರಿಲಯನ್ಸ್ ಕಮ್ಯುನಿಕೇಷನ್ಸ್ ಗ್ರಾಹಕರಿಗೆ ಕೆಲವೇ ತಾಣಗಳನ್ನು ಉಚಿತವಾಗಿ ಕೊಡುತ್ತಿತ್ತು. ಏನೂ ಇಲ್ಲದವರಿಗೆ ಇಷ್ಟಾದರೂ ಸಿಗಲಿ ಎಂಬುದು ಅದರ ಪರ ವಾದ. ಆದರೆ ಡೇಟಾಕ್ಕೆ ಲೆಕ್ಕ ಹಾಕಿ ಖರ್ಚು ಮಾಡುವವರು ಉಚಿತ ತಾಣಗಳಲ್ಲೇ ಉಳಿಯುತ್ತಾರೆ; ಆ ಪಟ್ಟಿಯಲ್ಲಿ ಇಲ್ಲದ ಹೊಸಬರ ಸೇವೆ ಎಷ್ಟೇ ಚೆನ್ನಾಗಿದ್ದರೂ ಅವರ ಕಣ್ಣಿಗೆ ಬೀಳುವುದಿಲ್ಲ. ಯಾವುದನ್ನೂ ತಡೆಯದೆ, ನಿಧಾನಗೊಳಿಸದೆ, ಬರೀ ಬೆಲೆಯಿಂದಲೇ ಭೇದ ಮಾಡಬಹುದು ಎಂಬುದು ವಿರೋಧಿಗಳ ತಕರಾರು.

ಟ್ರಾಯ್ ಈ ವಾದವನ್ನು ಒಪ್ಪಿತು. ಏನನ್ನು ನೋಡುತ್ತಾರೆ ಎಂಬುದರ ಮೇಲೆ ಡೇಟಾ ದರ ಬದಲಿಸುವುದನ್ನು 2016ರ ಫೆಬ್ರುವರಿ 8ರಂದು ನಿಷೇಧಿಸಿ, ಉಲ್ಲಂಘನೆಗೆ ದಿನಕ್ಕೆ ₹50,000ದಂತೆ ಗರಿಷ್ಠ ₹50 ಲಕ್ಷ ದಂಡ ಗೊತ್ತುಮಾಡಿತು. ತುರ್ತು ಸೇವೆಗಳಿಗೆ ವಿನಾಯಿತಿ ಉಂಟು. ಯಾವ ತಾಣಕ್ಕಾದರೂ ಬಳಸಬಹುದಾದ ಉಚಿತ ಡೇಟಾಕ್ಕೆ ಅಡ್ಡಿಯಿಲ್ಲ.

ಭಾರತದಲ್ಲಿ ತಡೆ ಮತ್ತು ವೇಗದ ನಿಯಮಗಳು 2018ರಲ್ಲಿ ಸೇವಾ ಕಂಪನಿಗಳ ಪರವಾನಗಿ ಷರತ್ತುಗಳಿಗೆ ಸೇರಿದವು. ದಟ್ಟಣೆ ನಿಭಾಯಿಸುವ ನ್ಯಾಯಯುತ ಕ್ರಮಗಳಿಗೂ ವಿಶೇಷ ಸೇವೆಗಳಿಗೂ ಅವುಗಳಲ್ಲಿ ಅವಕಾಶವಿದೆ. ಅಮೆರಿಕದಲ್ಲಿ 2015ರ ನೆಟ್ ನ್ಯೂಟ್ರಾಲಿಟಿ ನಿಯಮ 2017ರಲ್ಲಿ ರದ್ದಾಗಿ, 2024ರಲ್ಲಿ ಮರಳಿ, 2025ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಭಾರತದ ನಿಯಮಗಳು ಜಾರಿಯಲ್ಲಿವೆ. ಆದರೆ ಜಾಲದ ವೆಚ್ಚದಲ್ಲಿ ದೊಡ್ಡ ಆ್ಯಪ್ ಕಂಪನಿಗಳೂ ಪಾಲು ಕೊಡಬೇಕು ಎಂದು ದೂರಸಂಪರ್ಕ ಕಂಪನಿಗಳು ಪಟ್ಟು ಹಿಡಿದಿವೆ.