ಕೊಟ್ಟಿಗೆ ಸೇರಿದ ಯೆಜ್ಡಿ: ರಿಪೇರಿಯೋ, ಗುಜರಿಯೋ?

ವಸಂತನರಸಾಪುರ: ಇಲ್ಲಿ ಶಿಫ್ಟ್ ಬಿಟ್ಟರೆ ಸಾಕು, ರಸ್ತೆ ತುಂಬ ಹೊಸ ಬೈಕುಗಳ ಜಾತ್ರೆ. 2014ರ ಸೆಪ್ಟೆಂಬರಿನಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾದ ಊರಲ್ಲವೇ! ಆದರೆ ಈ ಕಡೆಯ ಹಳೇ ಮನೆಗಳ ಕೊಟ್ಟಿಗೆಗೆ ಇಣುಕಿದರೆ ಕಾಣುವುದೇ ಬೇರೆ. ಗೋಣಿಚೀಲ ಹೊದ್ದು, ಟೈರ್ ನೆಲಕ್ಕಂಟಿಸಿಕೊಂಡು ಕುಂತ ಯೆಜ್ಡಿ. ಸೀಟು ಕೋಳಿಗಳ ಪಾಲು.

"ಮೈಸೂರಲ್ಲಿ ಮಾಡಿದ ಗಾಡಿ ಕಣೋ, ರಾಗಿ ಮೂಟೆ ಹೊತ್ತಿದೆ" ಅನ್ನುತ್ತಾನೆ ಅಪ್ಪ. "ತೂಕಕ್ಕೆ ಹಾಕಪ್ಪಾ, ಜಾಗನಾದ್ರೂ ಉಳೀತದೆ" ಅನ್ನುತ್ತಾನೆ ಮಗ. ಈ ಜಗಳ ಒಂದು ಮನೆಯದಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಬೈಕ್ ತಯಾರಾಗುತ್ತಿತ್ತು. 1996ರಲ್ಲಿ ಬಾಗಿಲು ಬಿತ್ತು. 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿ ಬಂದಿತಾದರೂ ಅದರ ಎಂಜಿನ್ನೇ ಬೇರೆ. ಹಳೆಯದು ಪೆಟ್ರೋಲಿಗೆ ಆಯಿಲ್ ಬೆರೆಸಬೇಕಾದ, ಕಿಕ್ಕರೇ ಗೇರೂ ಆಗುವ ಗಾಡಿ.

ವರ್ಷಗಟ್ಟಲೆ ನಿಂತದ್ದನ್ನು ಎಳೆದುಕೊಂಡು ಹೋಗಿ ರಪರಪ ಕಿಕ್ ಹೊಡೆಯಬಾರದು. ಪ್ಲಗ್ ಬಿಚ್ಚಿ, ಒಳಗೆ ನಾಲ್ಕು ತೊಟ್ಟು ಆಯಿಲ್ ಬಿಟ್ಟು, ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಕಿಕ್ಕರನ್ನು ಕೈಯಲ್ಲಿ ಮೆತ್ತಗೆ ಒತ್ತಿದರೆ ಪಿಸ್ಟನ್ ಅಲ್ಲಾಡುತ್ತದೋ ನೋಡಬೇಕು. ಅಲ್ಲಾಡಿದರೆ ಆಸೆ ಉಂಟು. ಟ್ಯಾಂಕಿನ ತುಕ್ಕು, ಕಾರ್ಬುರೇಟರಿನ ಕಸ, ಒಣಗಿದ ಆಯಿಲ್ ಸೀಲ್, ಇವೆಲ್ಲ ಮೆಕ್ಯಾನಿಕ್ ಕೈಗೆ ಬಗ್ಗುವ ಕಾಯಿಲೆ. ಪಿಸ್ಟನ್ ಕಚ್ಚಿಕೊಂಡಿದ್ದರೆ ಎಂಜಿನ್ ಪೂರ್ತಿ ಇಳಿಸಬೇಕು, ಜೇಬೂ ಇಳಿಯುತ್ತದೆ.

ಆದರೆ ಸ್ವಾಮಿ, ಮೆಕ್ಯಾನಿಕ್ ಆಮೇಲೆ, ಮೊದಲು ಆರ್.ಸಿ. ಪುಸ್ತಕ ಹುಡುಕಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ಮೋಟಾರ್ ಸೈಕಲ್ಲಿಗೆ 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈ ಶುಲ್ಕವನ್ನು 2,000 ರೂಪಾಯಿ ಮಾಡಿತು. 1996ಕ್ಕೆ ನಿಂತ ಕಾರ್ಖಾನೆಯ ಯಾವ ಗಾಡಿ ತಾನೇ 20 ದಾಟಿಲ್ಲ? ಅಷ್ಟೇ ಆಗಿದ್ದರೆ ಪರವಾಗಿಲ್ಲ. ನವೀಕರಣ ತಡವಾದ ಪ್ರತಿ ತಿಂಗಳಿಗೂ 300 ರೂಪಾಯಿ ಹೆಚ್ಚುವರಿ ಎಂದು 2021ರಲ್ಲಿ ಹೊರಟ ನಿಯಮವೊಂದಿದೆ. ವರ್ಷಕ್ಕೆ 3,600! ಕೋಳಿ ಕೂತ ಗಾಡಿಯ ಮೇಲೆ ದುಡ್ಡೂ ಹೀಗೆ ಕೂರುತ್ತದೆ. ಆರ್.ಟಿ.ಓ. ಕಚೇರಿಯಲ್ಲಿ ಪೂರಾ ಲೆಕ್ಕ ಬರೆಸಿಕೊಂಡು, ಚಾಸಿ ನಂಬರು ಪುಸ್ತಕಕ್ಕೆ ತಾಳೆಯಾಗುತ್ತದೋ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯುವುದು ಮೇಲು. ಪುಸ್ತಕ ಸರಿಯಿದ್ದು ಪಿಸ್ಟನ್ನೂ ಆಡಿದರೆ ಅಪ್ಪನ ಮಾತೇ ಗೆಲ್ಲಲಿ. ನಂಬರೇ ತುಕ್ಕು ತಿಂದಿದ್ದರೆ ಮಗ ಹೇಳಿದ್ದೇ ಸರಿ.

ಕೊಡುವುದೇ ಆದರೆ ದಾರಿ ಹೋಕ ಗುಜರಿಯವನ ತಕ್ಕಡಿಗೆ ಹಾಕಬೇಡಿ. 2021ರ ನಿಯಮದಂತೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಒಂದು ಸರ್ಟಿಫಿಕೇಟ್ ಸಿಗುತ್ತದೆ. ಅದನ್ನು ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕ ಮಾಫಿ. ಓಡಿಸಲಾಗದಷ್ಟು ಹಾಳಾದ ಗಾಡಿಯ ವಿಷಯ 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಯಾರೂ ತಿಳಿಸುವುದಿಲ್ಲ, ಅದು ಬೇರೆ ಮಾತು. ನಾಳೆ ಅದೇ ನಂಬರ್ ಪ್ಲೇಟು ಇನ್ಯಾವುದೋ ಗಾಡಿಗೆ ಏರಿ ಎಲ್ಲೋ ಯಾರಿಗೋ ಗುದ್ದಿದರೆ, ಪೊಲೀಸರು ವಿಳಾಸ ಹುಡುಕಿಕೊಂಡು ಬರುವುದು ಈ ಕೊಟ್ಟಿಗೆ ಬಾಗಿಲಿಗೇ.