ಜೈಲಿಗೆ ಹಾಕದೆಯೇ ಗಾಯಕಿಯೊಬ್ಬರ ಬಾಯಿ ಮುಚ್ಚಿಸೋದು ಹೇಗೆ?

ಮಾಯ್ ಖೋಯ್ ವಿಯೆಟ್ನಾಂನ ಪಾಪ್ ತಾರೆ. 1983ರಲ್ಲಿ ಕಾಮ್ ರಾನ್‌ನಲ್ಲಿ ಹುಟ್ಟಿದ ಇವರಿಗೆ 2010ರಲ್ಲಿ ಸರ್ಕಾರಿ ಟಿವಿಯೇ ಪ್ರಶಸ್ತಿ ಕೊಟ್ಟಿತ್ತು. ಕೆಲವೇ ವರ್ಷಗಳಲ್ಲಿ ಅದೇ ದೇಶದಲ್ಲಿ ಹಾಡೋಕೆ ಅವರಿಗೆ ವೇದಿಕೆಯೇ ಇಲ್ಲದಂತಾಯ್ತು. ಆಗಿದ್ದೇನು?

2016ರಲ್ಲಿ ಅವರು ಸ್ವತಂತ್ರವಾಗಿ ರಾಷ್ಟ್ರೀಯ ಅಸೆಂಬ್ಲಿ ಚುನಾವಣೆಗೆ ನಿಲ್ಲಲು ಹೊರಟರು. ಕಾನೂನು ಇದಕ್ಕೆ ಅಡ್ಡಿ ಮಾಡಲ್ಲ. ಆದರೆ ಅಭ್ಯರ್ಥಿಗಳನ್ನು ಸೋಸುವುದು ಕಮ್ಯುನಿಸ್ಟ್ ಪಕ್ಷದ ಹಿಡಿತದಲ್ಲಿರುವ ಫಾದರ್‌ಲ್ಯಾಂಡ್ ಫ್ರಂಟ್. ಮಾಯ್ ಖೋಯ್ ಹೆಸರು ಮತಪತ್ರದವರೆಗೂ ಬರಲಿಲ್ಲ. ಅದೇ ಮೇ ತಿಂಗಳಲ್ಲಿ ಹನೋಯ್‌ಗೆ ಬಂದಿದ್ದ ಒಬಾಮ ಅವರನ್ನು ಭೇಟಿಯಾದರು.

ಆಮೇಲೆ ಶುರುವಾಯ್ತು ಕಾಟ. ಅಲ್ಲಿ ಸಾರ್ವಜನಿಕವಾಗಿ ಹಾಡಲು ಸರ್ಕಾರದ ಪರವಾನಗಿ ಬೇಕು. ಅದು ಸಿಗದಿದ್ದರೆ ಕಾರ್ಯಕ್ರಮವಿಲ್ಲ, ಕಾರ್ಯಕ್ರಮವಿಲ್ಲದಿದ್ದರೆ ಸಂಪಾದನೆಯೂ ಇಲ್ಲ. ಖಾಸಗಿಯಾಗಿ ಹಾಡಿದರೆ ಪೊಲೀಸರು ಬರುತ್ತಿದ್ದರು. ಬಾಡಿಗೆ ಮನೆಯನ್ನೂ ಬಿಡಬೇಕಾಯ್ತು. ಕೋರ್ಟಿಲ್ಲ, ಶಿಕ್ಷೆಯಿಲ್ಲ. ಹಾಗಾಗಿ ಮೇಲ್ಮನವಿ ಸಲ್ಲಿಸೋಕೂ ದಾರಿಯಿಲ್ಲ.

2018ರಲ್ಲಿ ಸೆನ್ಸಾರ್‌ ಅನುಮತಿ ಕೇಳದೆ 'ಡಿಸೆಂಟ್' ಆಲ್ಬಂ ತಂದರು. ಯುರೋಪ್‌ ಪ್ರವಾಸ ಮುಗಿಸಿ ಮರಳಿದಾಗ ಹನೋಯ್ ವಿಮಾನ ನಿಲ್ದಾಣದಲ್ಲಿ 8 ಗಂಟೆ ಹಿಡಿದಿಟ್ಟರು. ಅದೇ ವರ್ಷ ವಾಕ್ಲಾವ್ ಹಾವೆಲ್ ಹೆಸರಿನ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಕೊನೆಗೆ ಅಮೆರಿಕ ಸೇರಿದರು. ಅಲ್ಲಿಂದಲೂ ಹಾಡು ನಿಲ್ಲಿಸಲಿಲ್ಲ.

ಸೆನ್ಸಾರ್‌ಶಿಪ್ ಅಂದ್ರೆ ಹಾಡಿನ ಸಾಲಿಗೆ ಕತ್ತರಿ ಹಾಕೋದು ಮಾತ್ರ ಅಂತ ನಾವು ಅಂದುಕೊಳ್ತೀವಿ. ವೇದಿಕೆ, ದುಡಿಮೆ, ಮನೆ ಒಂದೊಂದಾಗಿ ಕೈತಪ್ಪುವಂತೆ ಮಾಡಿದರೂ ಸಾಕು. ಹಾಡನ್ನು ಬ್ಯಾನ್ ಮಾಡುವ ಆದೇಶವೇ ಬೇಕಾಗಲ್ಲ.