ಪ್ರಸಾರಕೇಂದ್ರದ ಮಾರ್ಗಯೋಜನೆಯೂ ಹೆಸರಿಡುವ ಕ್ರಮವೂ

ಮಂಗಳೂರಿನ ಆಕಾಶವಾಣಿ ಕೇಂದ್ರವು ೧೯೭೬ನೆಯ ಇಸವಿ ಡಿಸೆಂಬರ್ ೧೧ನೆಯ ತಾರೀಖು ಪ್ರಾರಂಭವಾಯಿತು. ಅದರ ಸ್ಟುಡಿಯೋಗಳು ಕದ್ರಿ ಗುಡ್ಡದ ಮೇಲಿವೆ. ಮಧ್ಯಮತರಂಗದ ಪ್ರೇಷಕ ಯಂತ್ರವನ್ನು ಸ್ಥಾಪಿಸಿದುದು ಉಡುಪಿಗೂ ಉತ್ತರದ ಬ್ರಹ್ಮಾವರದಲ್ಲಿ. ಮಾತು ಹುಟ್ಟುವ ಎಡೆ ಒಂದು, ಹರಡುವ ಎಡೆ ಮತ್ತೊಂದು. ಕನ್ನಡ, ತುಳು, ಕೊಂಕಣಿ, ಬ್ಯಾರಿ ನುಡಿಗಳ ಕಾರ್ಯಕ್ರಮಗಳನ್ನೂ ಹೊರಗಿನಿಂದ ಬರುವ ವಾರ್ತೆಗಳನ್ನೂ ಕೂಡಿಸಿಕೊಂಡು ನಡೆಯತಕ್ಕ ಕೇಂದ್ರದಲ್ಲಿ, ಯಾವ ಕ್ಷಣಕ್ಕೆ ಯಾವ ಧ್ವನಿಯು ಯಾವ ತಂತಿಯನ್ನು ಸೇರಬೇಕೆಂಬುದೇ ಮೊದಲ ಪ್ರಶ್ನೆ. ದೊಡ್ಡ ಪ್ರಸಾರಕೇಂದ್ರಗಳಲ್ಲಿ ಈ ಕಾರ್ಯವನ್ನು ನಡೆಯಿಸುವ ಯಂತ್ರಕ್ಕೆ ರೂಟಿಂಗ್ ಸ್ವಿಚರ್ ಎಂದು ಹೆಸರು. ನಾವು ಅದನ್ನು ಮಾರ್ಗಯೋಜಕವೆಂದು ಕರೆದು, ಯಾವ ಒಂದು ಕೇಂದ್ರದ ಸಲಕರಣೆಯನ್ನೂ ಉದ್ದೇಶಿಸದೆ, ಅದರ ಸಾಮಾನ್ಯ ತತ್ತ್ವವನ್ನು ನಿರೂಪಿಸುವೆವು. ಇದು ಭಾಷಾವಿದ್ವಾಂಸರಿಗೂ ಸಂಬಂಧಿಸಿದ ವಿಷಯವೆಂಬುದು ಮುಂದೆ ತಿಳಿದುಬರುವುದು.

ಕಾಗದದ ಮೇಲೆ ೧೬ ಗೆರೆಗಳನ್ನು ಉದ್ದವಾಗಿಯೂ ೧೬ ಗೆರೆಗಳನ್ನು ಅಡ್ಡವಾಗಿಯೂ ಎಳೆದರೆ ೨೫೬ ಸಂಧಿಗಳಾಗುವುವು. ಉದ್ದದ ಗೆರೆಗಳು ಮೂಲಗಳು: ಮೈಕು, ಕ್ಯಾಮೆರಾ, ಮುದ್ರಿತ ಕಾರ್ಯಕ್ರಮ, ಹೊರಗಿನ ಸಂಪರ್ಕ. ಅಡ್ಡಗೆರೆಗಳು ಗಮ್ಯಗಳು: ಪ್ರೇಷಕ ಯಂತ್ರ, ಮುದ್ರಣ ಯಂತ್ರ, ಪರಿಶೀಲನೆಯ ತೆರೆ. ಪ್ರತಿಯೊಂದು ಸಂಧಿಯೂ ಒಂದು ವಿದ್ಯುತ್ ಕೀಲು. ಒಂದು ಮೂಲವು ಏಕಕಾಲದಲ್ಲಿ ಎಷ್ಟು ಗಮ್ಯಗಳನ್ನಾದರೂ ಸೇರಬಹುದು. ಒಂದು ಗಮ್ಯವಾದರೋ ಒಂದೇ ಮೂಲವನ್ನು ಸ್ವೀಕರಿಸತಕ್ಕುದು. ಒಬ್ಬ ಗಮಕಿಯ ವಾಚನವನ್ನು ಸಭೆಯೆಲ್ಲ ಕೇಳಬಹುದು. ಒಂದೇ ಕಿವಿಯು ಎರಡು ಕಾವ್ಯಗಳನ್ನು ಒಟ್ಟಿಗೆ ಗ್ರಹಿಸಲಾರದು. ಧ್ವನಿಗಳನ್ನು ಬೆರಸುವುದು ಬೇರೆ ಯಂತ್ರದ ಕೆಲಸ.

ದೂರದರ್ಶನದಲ್ಲಿ ಇಂತಹ ಜಾಲರಿಗಳು ಚಿತ್ರಕ್ಕೊಂದು, ಧ್ವನಿಗೊಂದು ಇರುವುವು. ಸಾಮಾನ್ಯವಾಗಿ ಇವೆರಡೂ ಜೊತೆಯಾಗಿ ಚಲಿಸುವುವು. ಆದರೆ ಯಕ್ಷಗಾನದ ಒಂದೇ ಚಿತ್ರಕ್ಕೆ ಒಂದು ಗಮ್ಯದಲ್ಲಿ ಕನ್ನಡ ವಿವರಣೆಯನ್ನೂ ಮತ್ತೊಂದರಲ್ಲಿ ತುಳು ವಿವರಣೆಯನ್ನೂ ಕೂಡಿಸಬೇಕಾದರೆ, ಧ್ವನಿಯ ಜಾಲರಿಯನ್ನು ಬೇರ್ಪಡಿಸಿ ನಡೆಯಿಸಬೇಕು. ನಮ್ಮ ದೇಶದಲ್ಲಿ ಸೆಕೆಂಡಿಗೆ ೨೫ ಚಿತ್ರಗಳು ಸಾಗುವ ಪದ್ಧತಿಯಿದೆ. ಮೂಲವನ್ನು ಬದಲಿಸುವುದು ಚಿತ್ರಗಳ ನಡುವಣ ಅತ್ಯಲ್ಪ ವಿರಾಮದಲ್ಲಿಯೇ ಆಗಬೇಕು. ಅದಕ್ಕಾಗಿ ಎಲ್ಲ ಮೂಲಗಳೂ ಒಂದೇ ತಾಳಕ್ಕೆ ನಡೆಯಬೇಕು. ತಾಳ ತಪ್ಪಿದರೆ ತೆರೆಯ ಮೇಲೆ ಚಿತ್ರವು ಜಿಗಿಯುವುದು.

ಯಂತ್ರವನ್ನು ಅಣಿಗೊಳಿಸುವಾಗ ಮೂಲಗಮ್ಯಗಳ ಪಟ್ಟಿಯನ್ನು ಮೊದಲು ಬರೆದು, ಮುಂದಿನ ಬೆಳವಣಿಗೆಗೆ ಕೆಲವು ಸ್ಥಾನಗಳನ್ನು ಬರಿದಾಗಿ ಬಿಡತಕ್ಕುದು. ನಿಯಂತ್ರಣ ಫಲಕದಲ್ಲಿ ಗಮ್ಯವನ್ನು ಮೊದಲು, ಮೂಲವನ್ನು ಅನಂತರ ಆರಿಸಿ, ಕೊನೆಗೆ ದೃಢೀಕರಿಸುವುದು ಸುರಕ್ಷಿತವಾದ ಕ್ರಮ. ಪ್ರಸಾರಕ್ಕೆ ಹೋಗುತ್ತಿರುವ ಗಮ್ಯಕ್ಕೆ ಬೀಗ ಹಾಕಿ, ಅದನ್ನು ಬದಲಿಸುವ ಅಧಿಕಾರವನ್ನು ಪ್ರಧಾನ ನಿಯಂತ್ರಣ ಕೊಠಡಿಗೆ ಮಾತ್ರ ಕೊಡಬೇಕು.

ಇಷ್ಟೆಲ್ಲ ಆದರೂ ಯಂತ್ರಕ್ಕೆ ಗೊತ್ತಿರುವುದು ಅಂಕೆಗಳು ಮಾತ್ರ, ಹೆಸರು ಮನುಷ್ಯನದು. ರೋಮನ್ ಲಿಪಿಗಾಗಿ ಹುಟ್ಟಿದ ಕೆಲವು ನಿಯಂತ್ರಣ ಪದ್ಧತಿಗಳು ಒಂದು ಹೆಸರಿಗೆ ೪ ಅಥವಾ ೮ ಸ್ಥಾನಗಳನ್ನು ಮಾತ್ರ ಕೊಡುವುವು. ಕನ್ನಡದ ಹೆಸರನ್ನು ಯೂನಿಕೋಡಿನಂತೆ ಎಣಿಸಿದರೆ ಸ್ವರಚಿಹ್ನೆ, ಅನುಸ್ವಾರ, ವಿರಾಮಗಳಿಗೂ ಒಂದೊಂದು ಸ್ಥಾನ ಬೇಕು. ‘ಮಂಗಳೂರು’, ‘ಬ್ರಹ್ಮಾವರ’ ಇವೆರಡೂ ನಾಲ್ಕು ಅಕ್ಷರಗಳ ಹೆಸರುಗಳೇ. ಆದರೆ ಮೊದಲನೆಯದಕ್ಕೆ ೭, ಎರಡನೆಯದಕ್ಕೆ ೯ ಸ್ಥಾನಗಳು. ಎಂಟಕ್ಕೆ ಕತ್ತರಿಸಿದರೆ ಉಳಿಯುವುದು ‘ಬ್ರಹ್ಮಾವ’. ಇದು ವಿಕಾರವೇ ಹೊರತು ಅಪಾಯವಲ್ಲ. ಅಪಾಯವಿರುವುದು ಬೇರೆಡೆ: ‘ಬೆಂಗಳೂರು’ ಎಂಬುದಕ್ಕೆ ಸರಿಯಾಗಿ ೮ ಸ್ಥಾನಗಳು ಬೇಕಾಗುವುದರಿಂದ, ‘ಬೆಂಗಳೂರು ವಾರ್ತೆ’, ‘ಬೆಂಗಳೂರು ಸಂಗೀತ’ ಎಂಬ ಎರಡು ಮೂಲಗಳೂ ಫಲಕದ ಮೇಲೆ ‘ಬೆಂಗಳೂರು’ ಎಂದೇ ಕಾಣುವುವು. ವಾರ್ತೆಯ ಹೊತ್ತಿಗೆ ಸಂಗೀತವು ಹೊರಟರೆ ಯಾವ ಮಾಪಕವೂ ಅದನ್ನು ದೋಷವೆಂದು ತೋರಿಸದು. ಸಂಕೇತವು ನಿರ್ದುಷ್ಟವಾಗಿಯೇ ಇರುವುದಷ್ಟೆ.

ಆದುದರಿಂದ ಭೇದಕವಾದ ಪದವನ್ನು ಮೊದಲಿಡತಕ್ಕುದು: ‘ವಾರ್ತೆ’ಗೆ ೬, ‘ಸಂಗೀತ’ಕ್ಕೆ ೫ ಸ್ಥಾನಗಳು ಸಾಕು. ಯಂತ್ರ ನಿರ್ಮಾಪಕರು ಹೆಸರುಗಳನ್ನು ಅಕ್ಷರಗಣನೆಯಿಂದ ಅಳೆಯುವಂತಾದರೆ ಇನ್ನೂ ಮೇಲು. ಅದುವರೆಗೆ ಮೊಟಕಾಗಿಯೂ ಅಸಂದಿಗ್ಧವಾಗಿಯೂ ಇರುವ ಹೆಸರುಗಳ ಒಂದು ಪಟ್ಟಿಯನ್ನು ಎಂಜಿನಿಯರರೊಡನೆ ಕುಳಿತು ಸಿದ್ಧಪಡಿಸುವುದು ನಮ್ಮ ಭಾಷಾಧ್ಯಾಪಕರಿಗೆ ಅಸಾಧ್ಯವೇನೂ ಅಲ್ಲ. ಹೆಸರುಗಳು ಕನ್ನಡದಲ್ಲಿದ್ದರೆ ಮಾತ್ರ ಸಾಲದು. ಅವು ಒಂದನ್ನೊಂದು ಮರೆಮಾಡದಂತೆಯೂ ಇರಬೇಕು.